ದಾಸವಾಳ: ಕಡ್ಡಿ ನೆಡುವುದರಿಂದ ತಲೆಎಣ್ಣೆ, ತಂಬುಳಿಯವರೆಗೆ ಹಂತ ಹಂತದ ಮಾರ್ಗದರ್ಶಿ

ದಾಸವಾಳವನ್ನು ಮನೆಯಂಗಳದಲ್ಲಿ ಬೆಳೆಸಿ ಅದರ ಹೂವು, ಎಲೆಗಳನ್ನು ಬಳಸಲು ಹೊರಟವರು ಬಹುತೇಕ ಮೂರು ಕಡೆ ಸೋಲುತ್ತಾರೆ. ಮೊಗ್ಗು ಅರಳುವ ಮೊದಲೇ ಉದುರುತ್ತದೆ, ಕುಡಿಗಳಿಗೆ ಬಿಳಿ ಹಿಟ್ಟು ತಿಗಣೆ ಹತ್ತುತ್ತದೆ, ಕಾಯಿಸಿಟ್ಟ ತಲೆಎಣ್ಣೆ ಕೆಲವೇ ವಾರಗಳಲ್ಲಿ ಮುಗ್ಗಲು ವಾಸನೆ ಹಿಡಿಯುತ್ತದೆ. ಇವು ಒಂದಕ್ಕೊಂದು ಸಂಬಂಧವಿಲ್ಲದ ತೊಂದರೆಗಳಂತೆ ಕಂಡರೂ ಹೆಚ್ಚಿನ ಸಂದರ್ಭಗಳಲ್ಲಿ ಕೆಲಸಗಳ ಕ್ರಮ ತಪ್ಪಿದ್ದರಿಂದಲೇ ಬರುತ್ತವೆ. ತಲೆಗೆ ಹಚ್ಚುವ ಅಥವಾ ಊಟದ ಬಟ್ಟಲಿಗೆ ಬರುವ ಹೂವಾದರೆ, ಅದರ ಗಿಡಕ್ಕೆ ಏನನ್ನು ಸಿಂಪಡಿಸಬಹುದು, ಏನನ್ನು ಸಿಂಪಡಿಸಬಾರದು ಎಂಬುದು ಗಿಡ ತರುವ ದಿನವೇ ತೀರ್ಮಾನವಾಗಿರಬೇಕು. ಆದ್ದರಿಂದ ಕೆಳಗಿನ ಹಂತಗಳನ್ನು ಬರೆದಿರುವ ಕ್ರಮದಲ್ಲಿಯೇ ಅನುಸರಿಸುವುದು ಒಳ್ಳೆಯದು.

ಬೇಕಾಗುವ ಸಾಮಗ್ರಿ

ಗಿಡದ ಕೆಲಸಕ್ಕೆ ಹರಿತವಾದ ಕತ್ತರಿ, ಅದನ್ನು ಒರೆಸಲು ಸ್ಪಿರಿಟ್, 12ರಿಂದ 14 ಅಂಗುಲದ ಕುಂಡ, ಕೆಮ್ಮಣ್ಣು, ಹಳೆಯ ಕೊಟ್ಟಿಗೆ ಗೊಬ್ಬರ, ತೆಂಗಿನ ನಾರಿನ ಪುಡಿ, ಮರಳು, ಬೇವಿನ ಎಣ್ಣೆ, ದ್ರವರೂಪದ ಸಾಬೂನು, ಹಳೆಯ ಹಲ್ಲುಜ್ಜುವ ಬ್ರಷ್ ಮತ್ತು ಒಂದು ಸ್ಪ್ರೇ ಬಾಟಲಿ ಸಾಕು. ಅಡುಗೆಮನೆಯ ಕೆಲಸಕ್ಕೆ ದಪ್ಪ ತಳದ ಬಾಣಲೆ, ಶುಭ್ರವಾದ ಹತ್ತಿಬಟ್ಟೆ, ಚೆನ್ನಾಗಿ ಒಣಗಿಸಿದ ಗಾಜಿನ ಬಾಟಲಿಗಳು ಬೇಕು. ಹುಳಿ ಬೀಳುವ ಯಾವ ತಯಾರಿಕೆಗೂ ಅಲ್ಯೂಮಿನಿಯಂ ಪಾತ್ರೆ ಬಳಸಬಾರದು.

ಹಂತ 1: ಬಳಕೆಗೆ ತಕ್ಕ ತಳಿಯನ್ನು ಆರಿಸುವುದು

ಎಣ್ಣೆ, ಲೋಳೆ, ತಂಬುಳಿ ಇವೆಲ್ಲಕ್ಕೂ ಹಳ್ಳಿಯ ಬೇಲಿಗಳಲ್ಲಿ ಬೆಳೆಯುವ ಐದೆಸಳಿನ ಕೆಂಪು ನಾಟಿ ದಾಸವಾಳವೇ ಸೂಕ್ತ. ಇದು ಕಡ್ಡಿಯಿಂದ ಸುಲಭವಾಗಿ ಬರುತ್ತದೆ, ರೋಗ ತಡೆದುಕೊಳ್ಳುತ್ತದೆ, ವರ್ಷದ ಹೆಚ್ಚಿನ ತಿಂಗಳುಗಳಲ್ಲಿ ಹೂ ಕೊಡುತ್ತದೆ. ನರ್ಸರಿಗಳಲ್ಲಿ ಸಿಗುವ ದೊಡ್ಡ ಹೂವಿನ, ಬಗೆಬಗೆಯ ಬಣ್ಣದ ಸಂಕರ ತಳಿಗಳು ನೋಟಕ್ಕೆ ಚೆಂದ. ಆದರೆ ಅವುಗಳಲ್ಲಿ ಅನೇಕವು ಕಸಿ ಗಿಡಗಳಾಗಿರುತ್ತವೆ. ಕಸಿಯ ಗಂಟಿಗಿಂತ ಕೆಳಗಿನಿಂದ ಚಿಗುರು ಬಂದರೆ ಅದು ಬೇರುಗಿಡದ (ಕಸಿ ಕಟ್ಟಲು ಬಳಸಿದ ಕೆಳಗಿನ ಗಿಡದ) ಚಿಗುರಾದ್ದರಿಂದ ಕೂಡಲೇ ತೆಗೆಯಬೇಕು. ತೆಗೆಯದಿದ್ದರೆ ಕೆಲವು ತಿಂಗಳಲ್ಲಿ ಮೇಲಿನ ತಳಿ ಸೊರಗಿ, ಬೇರುಗಿಡವೇ ಉಳಿಯುತ್ತದೆ.

ನರ್ಸರಿಯಿಂದ ತಂದ ಗಿಡಕ್ಕೆ ಅಂತರ್ವ್ಯಾಪಿ ಕೀಟನಾಶಕ ಹಾಕಿರುವ ಸಾಧ್ಯತೆಯನ್ನು ಮರೆಯಬಾರದು. ಅಂಥ ಔಷಧಿ ಬೇರಿನಿಂದ ಹೀರಲ್ಪಟ್ಟು ಎಲೆ, ಎಸಳುಗಳಿಗೂ ತಲುಪುತ್ತದೆ, ತೊಳೆದರೆ ಹೋಗುವುದಿಲ್ಲ. ಗಿಡ ನಿಮ್ಮ ಮನೆಯಲ್ಲಿ ಒಂದು ಸಲ ಸವರಿಸಿಕೊಂಡು ಪೂರ್ತಿ ಹೊಸ ಕೊಂಬೆಗಳನ್ನು ಬೆಳೆಸುವವರೆಗೆ ಅದರ ಹೂವು ಪೂಜೆಗಿರಲಿ, ಅಡುಗೆಗೆ ಬೇಡ.

ಇನ್ನೊಂದು ಗೊಂದಲವನ್ನು ಇಲ್ಲಿಯೇ ನಿವಾರಿಸುವುದು ಒಳ್ಳೆಯದು. ಅಂಗಡಿಗಳಲ್ಲಿ ಹೈಬಿಸ್ಕಸ್ ಚಹಾ ಎಂದು ಸಿಗುವ ಹುಳಿಯಾದ ಕಡುಗೆಂಪು ಒಣಪದಾರ್ಥ ಅಂಗಳದ ದಾಸವಾಳದ ಎಸಳಲ್ಲ. ಅದು ಉತ್ತರ ಕರ್ನಾಟಕದವರು ಪಲ್ಯ ಮಾಡುವ ಪುಂಡಿಯ ಬಳಗಕ್ಕೆ ಸೇರಿದ ಬೇರೊಂದು ಗಿಡದ ಹೂಬಟ್ಟಲು. ಅಂಗಳದ ದಾಸವಾಳಕ್ಕೆ ಅಂಥ ಹುಳಿ ಇಲ್ಲ, ಅದನ್ನು ನಿರೀಕ್ಷಿಸಿ ಹೆಚ್ಚು ಹೆಚ್ಚು ಹೂ ಹಾಕುವುದರಿಂದ ಪ್ರಯೋಜನವೂ ಇಲ್ಲ.

ಹಂತ 2: ಕಡ್ಡಿ ನೆಡುವುದು

ಮುಂಗಾರು ಶುರುವಾಗುವ ಜೂನ್, ಜುಲೈ ತಿಂಗಳುಗಳು ಇದಕ್ಕೆ ತಕ್ಕ ಕಾಲ. ಪೂರ್ತಿ ಹಸಿರಾದ ಎಳೆಯ ಕುಡಿ ಕೊಳೆಯುತ್ತದೆ, ಬೂದುಬಣ್ಣಕ್ಕೆ ತಿರುಗಿದ ಹಳೆಯ ಮರ ಬೇರು ಬಿಡಲು ತಡಮಾಡುತ್ತದೆ. ಇವೆರಡರ ನಡುವಿನ, ಪೆನ್ಸಿಲ್ ದಪ್ಪದ, ಆರು ಅಂಗುಲ ಉದ್ದದ ಕಡ್ಡಿಯನ್ನು ಗೆಣ್ಣಿನ ಸ್ವಲ್ಪ ಕೆಳಗೆ ಓರೆಯಾಗಿ ಕತ್ತರಿಸಬೇಕು. ತುದಿಯಲ್ಲಿ ಎರಡು ಎಲೆಗಳನ್ನು ಉಳಿಸಿ, ಅವನ್ನೂ ಅರ್ಧಕ್ಕೆ ಕತ್ತರಿಸಿ, ಉಳಿದ ಎಲೆ ಮತ್ತು ಮೊಗ್ಗುಗಳನ್ನೆಲ್ಲ ತೆಗೆಯಬೇಕು. ಕಡ್ಡಿಯ ಮೇಲೆ ಮೊಗ್ಗು ಉಳಿಸಿಕೊಂಡರೆ ಅದರ ಶಕ್ತಿಯೆಲ್ಲ ಮೊಗ್ಗಿಗೆ ಹೋಗುತ್ತದೆ.

ಮರಳು ಮತ್ತು ತೆಂಗಿನ ನಾರಿನ ಪುಡಿಯನ್ನು ಸಮವಾಗಿ ಬೆರೆಸಿ, ಎರಡು ಗೆಣ್ಣುಗಳು ಒಳಗೆ ಹೋಗುವಂತೆ ಕಡ್ಡಿಯನ್ನು ನೆಟ್ಟು, ನೇರ ಬಿಸಿಲು ಬೀಳದ ಬೆಳಕಿನಲ್ಲಿಡಬೇಕು. ಈ ಹಂತದಲ್ಲಿ ಗೊಬ್ಬರ ಹಾಕಬಾರದು. ಬೇರು ಬರಲು ನಾಲ್ಕರಿಂದ ಎಂಟು ವಾರ ಬೇಕಾಗುತ್ತದೆ.

ಚಿಗುರು ಕಂಡ ಕೂಡಲೇ ಬೇರು ಬಂದಿದೆಯೆಂದು ತಿಳಿದು ಕಡ್ಡಿಯನ್ನು ಕಿತ್ತು ನೋಡುವುದು ಇಲ್ಲಿ ಮತ್ತೆ ಮತ್ತೆ ಆಗುವ ತಪ್ಪು. ಕಡ್ಡಿಯಲ್ಲಿ ಕೂಡಿಟ್ಟ ಆಹಾರದಿಂದಲೇ ಮೊದಲ ಎಲೆಗಳು ಬರಬಲ್ಲವು. ಎರಡನೆಯ ಸುತ್ತಿನ ಎಲೆಗಳು ಬಾಡದೆ ನಿಂತರೆ, ಕಡ್ಡಿಯನ್ನು ಮೆಲ್ಲನೆ ಮುಟ್ಟಿದಾಗ ಅದು ಅಲುಗಾಡದಿದ್ದರೆ, ಆಗ ಕುಂಡ ಬದಲಿಸಬಹುದು. ಬುಡ ಕಪ್ಪಾಗಿ ಮೆತ್ತಗಾದ ಕಡ್ಡಿಯನ್ನು ಉಳಿಸಲಾಗದು. ಪಕ್ಕದವಕ್ಕೆ ಹರಡುವ ಮೊದಲೇ ಎಸೆಯಬೇಕು.

ಹಂತ 3: ಕುಂಡ, ಮಣ್ಣು, ಬಿಸಿಲು

ಎರಡು ಪಾಲು ಕೆಮ್ಮಣ್ಣು, ಒಂದು ಪಾಲು ಹಳೆಯ ಗೊಬ್ಬರ, ಒಂದು ಪಾಲು ನಾರಿನ ಪುಡಿ ಅಥವಾ ಮರಳು ಸಾಕು. ಹಸಿ ಸೆಗಣಿ ಹಾಕಬಾರದು. ದಿನಕ್ಕೆ ಐದಾರು ಗಂಟೆಯ ನೇರ ಬಿಸಿಲು ಬೀಳದ ಜಾಗದಲ್ಲಿ ಎಲೆ ಚೆನ್ನಾಗಿ ಬರುತ್ತದೆ, ಹೂ ಬರುವುದಿಲ್ಲ. ಲೋಳೆಗಾಗಿ ಎಲೆಯಷ್ಟೇ ಬೇಕೆನ್ನುವವರಿಗೆ ಅಂಥ ಜಾಗವೂ ನಡೆಯುತ್ತದೆ.

ಹಂತ 4: ನೀರು ಮತ್ತು ಗೊಬ್ಬರ

ಮೇಲಿನ ಒಂದು ಅಂಗುಲ ಮಣ್ಣು ಒಣಗಿದಾಗ, ಕುಂಡದ ತಳದಿಂದ ನೀರು ಹೊರಬರುವಷ್ಟು ಹಾಕಬೇಕು. ಒಂದು ದಿನ ತುಂಬಿಸಿ, ಮೂರು ದಿನ ಮರೆತು, ಮತ್ತೆ ತುಂಬಿಸುವ ಅಭ್ಯಾಸವೇ ಮೊಗ್ಗು ಉದುರುವುದಕ್ಕೆ ದೊಡ್ಡ ಕಾರಣ.

ಗೊಬ್ಬರದ ವಿಷಯದಲ್ಲಿ ದಾಸವಾಳಕ್ಕೆ ತನ್ನದೇ ಒಂದು ಸ್ವಭಾವವಿದೆ: ಅದಕ್ಕೆ ಪೊಟ್ಯಾಷ್ ಹೆಚ್ಚು ಬೇಕು, ರಂಜಕ ಕಡಿಮೆ ಸಾಕು. ಹೂ ಬರಲಿಲ್ಲವೆಂದು ರಂಜಕ ಹೆಚ್ಚಿರುವ ಡಿಎಪಿ ರಸಗೊಬ್ಬರ ಅಥವಾ ಮೂಳೆಪುಡಿಯನ್ನು ಮತ್ತೆ ಮತ್ತೆ ಸುರಿದರೆ ರಂಜಕ ಮಣ್ಣಿನಲ್ಲಿ ಕೂಡಿಕೊಂಡು ಕಬ್ಬಿಣದಂಥ ಪೋಷಕಾಂಶಗಳು ಬೇರಿಗೆ ಸಿಗದಂತಾಗುತ್ತದೆ. ತಿಂಗಳಿಗೊಮ್ಮೆ ಎರಡು ಹಿಡಿ ಎರೆಹುಳು ಗೊಬ್ಬರ, ಒಂದು ಚಮಚ ಬೇವಿನ ಹಿಂಡಿ, ಹದಿನೈದು ದಿನಕ್ಕೊಮ್ಮೆ ಕಡಲೆಕಾಯಿ ಹಿಂಡಿಯನ್ನು ನೆನೆಸಿ ಹತ್ತು ಪಟ್ಟು ನೀರು ಬೆರೆಸಿದ ತಿಳಿ, ಇಷ್ಟರಲ್ಲಿ ನಾಟಿ ತಳಿ ನೆಮ್ಮದಿಯಾಗಿ ಬೆಳೆಯುತ್ತದೆ. ಪೊಟ್ಯಾಷ್ ಸಿಗಲೆಂದು ಒಲೆಯ ಬೂದಿ ಹಾಕುವವರು ಒಂದನ್ನು ಗಮನಿಸಬೇಕು. ಬೂದಿ ಕ್ಷಾರೀಯ. ಕೊಳವೆಬಾವಿಯ ಗಡಸು ನೀರು ಹಾಯಿಸುವ ಕುಂಡದ ಮಣ್ಣು ಮೊದಲೇ ಕ್ಷಾರದತ್ತ ವಾಲಿರುತ್ತದೆ, ಅದಕ್ಕೆ ಬೂದಿಯನ್ನೂ ಸೇರಿಸಿದರೆ ಹೊಸ ಎಲೆಗಳು ಹಳದಿಯಾಗುತ್ತವೆ.

ಎಲೆ ಹಳದಿಯಾದಾಗ ಯಾವ ಎಲೆ ಎಂಬುದನ್ನು ಮೊದಲು ನೋಡಬೇಕು. ಹೊಸ ಎಲೆಗಳು ಹಳದಿಯಾಗಿ ನರಗಳು ಮಾತ್ರ ಹಸಿರಾಗಿ ಉಳಿದರೆ ಅದು ಕಬ್ಬಿಣದ ಕೊರತೆ. ಮಳೆನೀರು ಹಾಯಿಸಿ, ಬೂದಿ ನಿಲ್ಲಿಸಬೇಕು. ಕೆಳಗಿನ ಹಳೆಯ ಎಲೆಗಳು ಸಮನಾಗಿ ಹಳದಿಯಾಗುತ್ತ ಬಂದರೆ ಸಾರಜನಕದ ಕೊರತೆ. ಎಲೆಗಳು ಹಳದಿಯಾಗುವುದರ ಜೊತೆಗೆ ಮಣ್ಣು ಒದ್ದೆಯಿದ್ದರೂ ಗಿಡ ಜೋತುಬಿದ್ದರೆ ಬೇರು ಕೊಳೆಯುತ್ತಿದೆ ಎಂದರ್ಥ. ಆಗ ನೀರು ಹಾಕುವುದು ಗಿಡವನ್ನು ಇನ್ನಷ್ಟು ಬೇಗ ಕೊಲ್ಲುತ್ತದೆ.

ಹಂತ 5: ಸವರುವುದು

ದಾಸವಾಳದ ಮೊಗ್ಗು ಹೊಸ ಚಿಗುರಿನ ಎಲೆಕಂಕುಳಲ್ಲಿ ಬರುತ್ತದೆ. ಹೊಸ ಚಿಗುರಿಲ್ಲದೆ ಹೂವಿಲ್ಲ. ಬಯಲುಸೀಮೆಯಲ್ಲಿ ಚಳಿ ಇಳಿಯುವ ಫೆಬ್ರವರಿಯಲ್ಲಿ ಪ್ರತಿ ಕೊಂಬೆಯ ಮೂರನೇ ಒಂದು ಭಾಗವನ್ನು, ಹೊರಮುಖವಾಗಿರುವ ಕಣ್ಣಿನ ಸ್ವಲ್ಪ ಮೇಲೆ, ಓರೆಯಾಗಿ ಕತ್ತರಿಸಬೇಕು. ಕರಾವಳಿ ಮತ್ತು ಮಲೆನಾಡಿನಲ್ಲಿ ಜೋರು ಮಳೆಯ ಜೂನ್, ಜುಲೈಗಳಲ್ಲಿ ಸವರಿದರೆ ಕತ್ತರಿಸಿದ ತುದಿಯಿಂದ ಕೊಂಬೆ ಕೆಳಮುಖವಾಗಿ ಒಣಗುತ್ತ ಬರುವುದುಂಟು. ಏಪ್ರಿಲ್, ಮೇ ತಿಂಗಳ ಬಿಸಿಲಿನಲ್ಲಿ ಆಳವಾಗಿ ಸವರುವುದು ಎಲ್ಲಿಯೂ ಬೇಡ. ಒಂದು ಗಿಡದಿಂದ ಇನ್ನೊಂದಕ್ಕೆ ಹೋಗುವಾಗ ಕತ್ತರಿಯನ್ನು ಸ್ಪಿರಿಟ್‌ನಿಂದ ಒರೆಸಬೇಕು.

ಸವರಿದ ನಂತರ ಮತ್ತೆ ಹೂ ಬರಲು ಎರಡು ತಿಂಗಳವರೆಗೂ ಹಿಡಿಯಬಹುದು. ಈ ಅವಧಿಯಲ್ಲಿ ಗಾಬರಿಯಾಗಿ ಗೊಬ್ಬರ ಸುರಿಯುವವರೇ ಹೆಚ್ಚು. ಪ್ರತಿದಿನ ದೇವರಿಗೆ ಹೂ ಬೇಕೆನ್ನುವ ಮನೆಗಳಲ್ಲಿ ಅರ್ಧ ಕೊಂಬೆಗಳನ್ನು ಈಗ, ಉಳಿದರ್ಧವನ್ನು ಐದು ವಾರದ ನಂತರ ಸವರಿದರೆ ಹೂ ಪೂರ್ತಿ ನಿಲ್ಲುವುದಿಲ್ಲ.

ಹಂತ 6: ಹಿಟ್ಟು ತಿಗಣೆಯ ನಿಯಂತ್ರಣ

ಅತಿ ಹೆಚ್ಚು ಗಿಡಗಳು ಬಲಿಯಾಗುವುದು ಇಲ್ಲಿ, ಅದಕ್ಕಾಗಿ ಇದನ್ನು ವಿವರವಾಗಿ ಬರೆಯುತ್ತಿದ್ದೇನೆ. ತುದಿಯ ಎಲೆಗಳು ಮುದುಡಿ ಗೊಂಚಲಾಗುವುದು, ಕೆಳಗಿನ ಎಲೆಗಳ ಮೇಲೆ ಅಂಟು ಕಾಣುವುದು, ಆ ಅಂಟಿನ ಮೇಲೆ ಕಪ್ಪು ಮಸಿಯಂಥ ಬೂಷ್ಟು ಬರುವುದು, ಕಾಂಡದ ಮೇಲೆ ಇರುವೆಗಳ ಸಾಲು ಓಡಾಡುವುದು ಇದರ ಮುನ್ಸೂಚನೆಗಳು. ಬಿಳಿ ಹತ್ತಿಯಂಥ ಮುದ್ದೆ ಕಣ್ಣಿಗೆ ಬೀಳುವ ಮೊದಲೇ ಇರುವೆ ಕಾಣಿಸಿಕೊಳ್ಳುತ್ತದೆ.

ಮೊದಲು ಇರುವೆಯನ್ನು ತಡೆಯಬೇಕು. ತಿಗಣೆ ಹೊರಬಿಡುವ ಸಿಹಿ ಅಂಟಿಗಾಗಿ ಇರುವೆಗಳು ಅದನ್ನು ಕಾಯುತ್ತವೆ, ಅದನ್ನು ತಿನ್ನಲು ಬರುವ ಹುಳುಗಳನ್ನು ಓಡಿಸುತ್ತವೆ. ಕುಂಡವನ್ನು ಇಟ್ಟಿಗೆಗಳ ಮೇಲಿಟ್ಟು, ಆ ಇಟ್ಟಿಗೆಗಳನ್ನು ನೀರು ತುಂಬಿದ ತಟ್ಟೆಗಳಲ್ಲಿ ನಿಲ್ಲಿಸುವುದು, ಗೋಡೆಗೆ ತಾಗುವ ಕೊಂಬೆಗಳನ್ನು ಕತ್ತರಿಸುವುದು ಸರಳ ಉಪಾಯ. ಸಕ್ಕರೆ ಹಾಕಿದ ಚಹಾದ ಚರಟವನ್ನು ತೊಳೆಯದೆ ಬುಡಕ್ಕೆ ಹಾಕುವುದು ಇರುವೆಯನ್ನು ಕರೆತಂದಂತೆಯೇ.

ಎರಡನೆಯದಾಗಿ, ಗೊಂಚಲಾದ ಕುಡಿಗಳನ್ನು ಕತ್ತರಿಸಿ ನೇರವಾಗಿ ಸಾಬೂನು ನೀರಿಗೆ ಹಾಕಬೇಕು. ನೆಲಕ್ಕೆ ಎಸೆದರೆ ಮರಿಗಳು ಮತ್ತೆ ಹತ್ತುತ್ತವೆ. ಮೂರನೆಯದಾಗಿ, ಕಾಂಡದ ಸಂದುಗಳನ್ನು ಬ್ರಷ್‌ನಿಂದ ಉಜ್ಜಿ, ರಭಸದ ನೀರಿನಿಂದ ತೊಳೆಯಬೇಕು. ಇಷ್ಟಾದ ಮೇಲೆಯೇ ಸಿಂಪಡಣೆ: ಒಂದು ಲೀಟರ್ ನೀರಿಗೆ 5 ಮಿ.ಲೀ. ಬೇವಿನ ಎಣ್ಣೆ, ಅದು ನೀರಿನಲ್ಲಿ ಬೆರೆಯಲು 1ರಿಂದ 2 ಮಿ.ಲೀ. ದ್ರವ ಸಾಬೂನು. ಸಂಜೆ, ಎಲೆಯ ಕೆಳಮೈ ತೊಯ್ಯುವಂತೆ ಸಿಂಪಡಿಸಿ, ವಾರಕ್ಕೊಮ್ಮೆಯಂತೆ ಮೂರು ನಾಲ್ಕು ಸಲ ಮಾಡಬೇಕು. ತಿಗಣೆಯ ಮೈಮೇಲಿನ ಮೇಣದ ಹೊದಿಕೆಯ ಮೇಲೆ ಔಷಧಿ ನಿಲ್ಲುವುದಿಲ್ಲವಾದ್ದರಿಂದ ಉಜ್ಜದೆ ಸಿಂಪಡಿಸಿದವರಿಗೆ ಫಲ ಸಿಗುವುದಿಲ್ಲ. ಬಿಸಿಲಿನಲ್ಲಿ ಸಿಂಪಡಿಸಿದರೆ ಎಲೆ ಸುಡುತ್ತದೆ.

ಇನ್ನೊಂದು ಎಚ್ಚರಿಕೆಯನ್ನು ನಾನು ಒತ್ತಿ ಹೇಳಬಯಸುತ್ತೇನೆ. ತಿಗಣೆಯಂತೆಯೇ ಬಿಳಿಯಾಗಿ, ಆದರೆ ಅದಕ್ಕಿಂತ ದೊಡ್ಡದಾಗಿ, ಮೈತುಂಬ ಉದ್ದನೆಯ ಮೇಣದ ಎಳೆಗಳಿದ್ದು ಚುರುಕಾಗಿ ಓಡಾಡುವ ಹುಳು ಕಂಡರೆ ಅದನ್ನು ಕೊಲ್ಲಬಾರದು. ಅದು ತಿಗಣೆಯನ್ನು ತಿನ್ನುವ ಒಂದು ಗುಲಗಂಜಿ ಹುಳುವಿನ ಮರಿ. ಪರಂಗಿ ಗಿಡಕ್ಕೆ ಬರುವ ಹಿಟ್ಟು ತಿಗಣೆ ದಾಸವಾಳಕ್ಕೂ ಬರುತ್ತದೆ. 2008ರಲ್ಲಿ ಕೊಯಮತ್ತೂರಿನಲ್ಲಿ ಕಂಡು ದಕ್ಷಿಣ ಭಾರತದಲ್ಲೆಲ್ಲ ಹರಡಿದ ಆ ಕೀಟವನ್ನು ಹತೋಟಿಗೆ ತಂದದ್ದು, 2010ರಲ್ಲಿ ಪೋರ್ಟೊರಿಕೊದಿಂದ ಬೆಂಗಳೂರಿಗೆ ತರಿಸಿ ಬಿಡುಗಡೆ ಮಾಡಿದ ಸಣ್ಣ ಪರಾವಲಂಬಿ ಕಣಜ. ಕಂಡಕಂಡ ಕೀಟನಾಶಕ ಹೊಡೆದರೆ ತಿಗಣೆಗಿಂತ ಮೊದಲು ಸಾಯುವುದು ಇಂಥ ಸಹಾಯಕ ಜೀವಿಗಳೇ.

ಹಂತ 7: ಉದುರುವ ಮೊಗ್ಗಿನ ಪರೀಕ್ಷೆ

ಉದುರಿದ ಮೊಗ್ಗನ್ನು ಬ್ಲೇಡಿನಿಂದ ಸೀಳಿ ನೋಡಬೇಕು. ಒಳಗೆ ಸಣ್ಣ ಮರಿಹುಳುಗಳಿದ್ದರೆ ಉದುರಿದ ಮೊಗ್ಗುಗಳನ್ನೂ ಹಳದಿಯಾಗುತ್ತಿರುವವನ್ನೂ ದಿನವೂ ಆರಿಸಿ ಮುಚ್ಚಿದ ಚೀಲದಲ್ಲಿ ಹಾಕಿ ಬಿಸಿಲಿಗಿಡಬೇಕು, ಗೊಬ್ಬರದ ಗುಂಡಿಗೆ ಹಾಕಬಾರದು. ಎಸಳಿನ ಅಂಚು ಕಂದಾಗಿ ಸುಕ್ಕುಗಟ್ಟಿದ್ದರೆ ನುಸಿ ಕಾರಣವಿರಬಹುದು. ಒಳಗೆ ಏನೂ ಇಲ್ಲದೆ ಶುಭ್ರವಾಗಿದ್ದರೆ ನೀರಿನ ಏರುಪೇರು, ಅತಿ ಬಿಸಿಲು, ನೆರಳು ಅಥವಾ ಕುಂಡದ ಜಾಗ ಬದಲಿಸಿದ್ದು ಕಾರಣ. ಬೇಸಿಗೆಯಲ್ಲಿ ಮುದ್ದೆ ದಾಸವಾಳಗಳು ಐದೆಸಳಿನವಕ್ಕಿಂತ ಹೆಚ್ಚು ಮೊಗ್ಗು ಉದುರಿಸುತ್ತವೆ.

ಹಂತ 8: ಕೊಯ್ಯುವುದು

ಹೂವು ಸಾಮಾನ್ಯವಾಗಿ ಒಂದೇ ದಿನ ಅರಳಿರುತ್ತದೆ. ಅಡುಗೆಗೆ, ಎಣ್ಣೆಗೆ ಬೆಳಗ್ಗೆ ಇಬ್ಬನಿ ಆರಿದ ಮೇಲೆ ಕೊಯ್ಯಬೇಕು. ಬೆಳಗಿನ ಜಾವದ ಪೂಜೆಗೆ ಬೇಕಾದರೆ, ಮರುದಿನ ಅರಳಲಿರುವ ಉದ್ದನೆಯ ಮೊಗ್ಗನ್ನು ಹಿಂದಿನ ಸಂಜೆಯೇ ಕೊಯ್ದು ತಟ್ಟೆಯಲ್ಲಿಟ್ಟರೂ ಅರಳುತ್ತದೆ. ರಸ್ತೆಬದಿಯ ಧೂಳಿನ, ವಾಹನದ ಹೊಗೆಯ ಗಿಡದ ಹೂವನ್ನು ತಿನ್ನಲು ಬಳಸಬಾರದು. ಬೇವಿನ ಎಣ್ಣೆ ಸಿಂಪಡಿಸಿದ್ದರೆ ಒಂದು ವಾರ ಬಿಟ್ಟು ಕೊಯ್ಯುವುದು ಲೇಸು, ಅದರ ಕಹಿ ತಂಬುಳಿಯಲ್ಲಿ ಚೆನ್ನಾಗಿಯೇ ಗೊತ್ತಾಗುತ್ತದೆ.

ಹಂತ 9: ತಲೆಸ್ನಾನಕ್ಕೆ ಎಲೆಯ ಲೋಳೆ

ಬಲಿತ ಆದರೆ ಹಳದಿಯಾಗದ ಇಪ್ಪತ್ತು, ಇಪ್ಪತ್ತೈದು ಎಲೆಗಳನ್ನು ತೊಳೆದು ಹರಿದು, ಅರ್ಧ ಲೀಟರ್ ಉಗುರುಬೆಚ್ಚಗಿನ ನೀರಿನಲ್ಲಿ ಹತ್ತು ನಿಮಿಷ ನೆನೆಸಿ, ಕೈಯಿಂದ ಚೆನ್ನಾಗಿ ಹಿಸುಕಬೇಕು. ನೀರು ದಪ್ಪವಾಗಿ ಎಳೆ ಎಳೆಯಾಗಿ ಜಾರತೊಡಗಿದಾಗ ಬಟ್ಟೆಯಲ್ಲಿ ಸೋಸಬೇಕು. ಮಿಕ್ಸಿಯಲ್ಲಿ ರುಬ್ಬಿದರೆ ಕೆಲಸ ಬೇಗ ಮುಗಿಯುತ್ತದೆ, ಆದರೆ ಸೋಸಿದರೂ ಉಳಿಯುವ ಎಲೆಯ ಸಣ್ಣ ಚೂರುಗಳು ಕೂದಲಲ್ಲಿ ಸಿಕ್ಕಿಕೊಂಡು ಎಷ್ಟು ತೊಳೆದರೂ ಹೋಗುವುದಿಲ್ಲ. ಒಮ್ಮೆ ಲೋಳೆ ಬಳಸಿದವರು ಅದನ್ನು ಮತ್ತೆ ಮಾಡದಿರಲು ಬಹುತೇಕ ಇದೇ ಕಾರಣ.

ಈ ಲೋಳೆ ಕೂದಲನ್ನು ಮೃದುವಾಗಿಸುತ್ತದೆ, ಸಿಕ್ಕು ಬಿಡಿಸುತ್ತದೆ, ಆದರೆ ಅಂಟುವಾಳದಂತೆ ಜಿಡ್ಡನ್ನು ಕೀಳುವುದಿಲ್ಲ. ಎಣ್ಣೆ ಹಚ್ಚಿದ ತಲೆಗೆ ಮೊದಲು ಅಂಟುವಾಳ ಅಥವಾ ಸೀಗೆಪುಡಿ ಬಳಸಿ, ನಂತರ ಲೋಳೆ ಹಚ್ಚಿ ಐದು ನಿಮಿಷ ಬಿಟ್ಟು ತೊಳೆಯುವುದು ಸರಿಯಾದ ಕ್ರಮ. ಸೋಸಿದ ಲೋಳೆಯನ್ನು ಅದೇ ದಿನ ಮುಗಿಸಬೇಕು. ಮರುದಿನಕ್ಕೆ ಅದು ನೀರಾಗಿ ಹುಳಿವಾಸನೆ ಬಂದಿದ್ದರೆ ತಲೆಗೆ ಹಾಕಬಾರದು.

ಹಂತ 10: ಎಣ್ಣೆ ಕಾಯಿಸುವುದು

ಅರ್ಧ ಲೀಟರ್ ಕೊಬ್ಬರಿ ಎಣ್ಣೆಗೆ ಸುಮಾರು 125 ಗ್ರಾಂ ಕಲ್ಕ, ಅಂದರೆ ಹೂವು ಎಲೆಗಳನ್ನು ರುಬ್ಬಿದ ಮುದ್ದೆ, ಸಾಕು. ಹೂವಿನ ಎಸಳು ಮತ್ತು ಎಲೆಗಳನ್ನು ತೊಳೆದು, ಬಟ್ಟೆಯ ಮೇಲೆ ಹರಡಿ ಮೇಲ್ಮೈಯ ನೀರೆಲ್ಲ ಆರಿದ ಮೇಲೆ, ಆದಷ್ಟು ಕಡಿಮೆ ನೀರಿನಲ್ಲಿ ರುಬ್ಬಬೇಕು. ಆಯುರ್ವೇದದ ತೈಲಪಾಕದಲ್ಲಿ ಕಲ್ಕ ಒಂದು ಪಾಲು, ಎಣ್ಣೆ ನಾಲ್ಕು ಪಾಲು, ದ್ರವ ಹದಿನಾರು ಪಾಲು ಎಂಬ ಲೆಕ್ಕವಿದೆ. ಅದರಂತೆ ಅರ್ಧ ಲೀಟರ್ ಎಣ್ಣೆಗೆ ಎರಡು ಲೀಟರ್ ದ್ರವವನ್ನು ಇಂಗಿಸಬೇಕಾಗುವುದರಿಂದ, ಮೊದಲ ಸಲ ಮಾಡುವವರಿಗೆ ನಾನು ಅದನ್ನು ಸೂಚಿಸುವುದಿಲ್ಲ.

ಎಣ್ಣೆಯ ಮೂರು ಪಟ್ಟು ಹಿಡಿಯುವ ಬಾಣಲೆಯಲ್ಲಿ, ಎಣ್ಣೆ ತಣ್ಣಗಿರುವಾಗಲೇ ಕಲ್ಕ ಬೆರೆಸಿ, ಮಂದ ಉರಿಯಲ್ಲಿಟ್ಟು ತಳ ಹಿಡಿಯದಂತೆ ಕೈಯಾಡಿಸುತ್ತಿರಬೇಕು. ಕಾದ ಎಣ್ಣೆಗೆ ಒದ್ದೆ ಕಲ್ಕ ಹಾಕಿದರೆ ಸಿಡಿದು ಮೈಸುಡುತ್ತದೆ. ಮೊದಲು ಚಟಪಟ ಸದ್ದು ಜೋರಾಗಿರುತ್ತದೆ, ನೀರು ಇಂಗಿದಂತೆ ಅದು ತಗ್ಗುತ್ತದೆ, ಕೊನೆಗೆ ಮೇಲೆ ನೊರೆ ಏಳುತ್ತದೆ. ಆಗ ಸ್ವಲ್ಪ ಕಲ್ಕವನ್ನು ಚಮಚದಲ್ಲಿ ತೆಗೆದು ಆರಿಸಿ ಬೆರಳುಗಳ ನಡುವೆ ಹೊಸೆದರೆ ಬತ್ತಿಯಾಗಬೇಕು, ಆ ಬತ್ತಿಯನ್ನು ಉರಿಗೆ ಹಿಡಿದರೆ ಚಟಚಟ ಎನ್ನದೆ ಉರಿಯಬೇಕು. ಸದ್ದು ಬಂದರೆ ನೀರು ಉಳಿದಿದೆ. ಆ ನೀರೇ ಮುಂದೆ ಬಾಟಲಿಯಲ್ಲಿ ಬೂಷ್ಟಿಗೂ ಮುಗ್ಗಲಿಗೂ ಕಾರಣವಾಗುತ್ತದೆ. ಬತ್ತಿಯ ಪರೀಕ್ಷೆ ಮುಗಿದ ಮೇಲೂ ಉರಿಸುತ್ತ ಹೋದರೆ ಕಲ್ಕ ಕಪ್ಪಾಗಿ ಎಣ್ಣೆಗೆ ಸೀದ ವಾಸನೆ ಹತ್ತುತ್ತದೆ.

ಬೆಚ್ಚಗಿರುವಾಗ ಒಣಬಟ್ಟೆಯಲ್ಲಿ ಸೋಸಿ, ಪೂರ್ತಿ ತಣ್ಣಗಾದ ಮೇಲೆ ಬಾಟಲಿಗೆ ತುಂಬಿ ಮುಚ್ಚಬೇಕು. ಬಿಸಿಯಲ್ಲಿ ಮುಚ್ಚಿದರೆ ಮುಚ್ಚಳದ ಒಳಗೆ ಹನಿಯಾಗಿ ನಿಂತ ನೀರು ಮತ್ತೆ ಎಣ್ಣೆಗೆ ಬೀಳುತ್ತದೆ. ಎಣ್ಣೆ ಕಡುಗೆಂಪಾಗಿ ಬರಲಿಲ್ಲವೆಂದು ಬೇಸರಿಸಬೇಕಾಗಿಲ್ಲ: ಎಸಳಿನ ಕೆಂಪು ನೀರಿನಲ್ಲಿ ಕರಗುವ ಬಣ್ಣ, ಎಣ್ಣೆಯಲ್ಲಿ ಕರಗುವುದು ಎಲೆಯ ಹಸಿರು. ಬಾಟಲಿಯ ತಳದಲ್ಲಿ ಮೋಡದಂಥ ಪದರ ಕಂಡರೆ, ಎಣ್ಣೆ ಕಮಟು ಅಥವಾ ಮುಗ್ಗಲು ಬಂದರೆ ಚೆಲ್ಲಬೇಕು. ಮತ್ತೆ ಕಾಯಿಸಿ ಸರಿಪಡಿಸಲಾಗದು. ಚಳಿಗಾಲದಲ್ಲಿ ಕೊಬ್ಬರಿ ಎಣ್ಣೆ ಹೆಪ್ಪುಗಟ್ಟುವುದು ಸಹಜ, ಅದು ಕೆಟ್ಟ ಲಕ್ಷಣವಲ್ಲ.

ಹೊಸ ಎಣ್ಣೆಯನ್ನು ಮೊದಲು ಮೊಣಕೈಯ ಒಳಭಾಗಕ್ಕೆ ಹಚ್ಚಿ ಒಂದು ದಿನ ನೋಡಬೇಕು. ಈ ಎಣ್ಣೆ ಕೂದಲಿಗೆ ಒಳ್ಳೆಯ ಆರೈಕೆಯೇ ಹೌದು, ಆದರೆ ರಕ್ತಹೀನತೆ ಅಥವಾ ಥೈರಾಯ್ಡ್ ತೊಂದರೆಯಿಂದ ಉದುರುವ ಕೂದಲನ್ನು ಅದು ತಡೆಯಲಾರದು. ಏಕಾಏಕಿ ಕಂತೆಕಂತೆಯಾಗಿ ಉದುರತೊಡಗಿದರೆ ವೈದ್ಯರನ್ನು ಕಾಣಬೇಕು.

ಹಂತ 11: ತಂಬುಳಿ ಮತ್ತು ಶರಬತ್ತು

ತಂಬುಳಿಗೆ ಎಂಟು ಹತ್ತು ಕೆಂಪು ಹೂಗಳ ಹಸಿರು ತೊಟ್ಟುಬಟ್ಟಲನ್ನೂ ಪರಾಗದ ಕೇಸರದ ಕೋಲನ್ನೂ ತೆಗೆದು ಎಸಳುಗಳನ್ನು ಮಾತ್ರ ಇಟ್ಟುಕೊಳ್ಳಬೇಕು. ಎಸಳಿನ ಬುಡದಲ್ಲಿ ಇರುವೆ ಅಡಗಿರುತ್ತದೆ, ಬಿಡಿಸಿಯೇ ತೊಳೆಯಬೇಕು. ತುಪ್ಪದಲ್ಲಿ ಅರ್ಧ ಚಮಚ ಜೀರಿಗೆ, ನಾಲ್ಕೈದು ಕಾಳುಮೆಣಸು ಹುರಿದು, ಎಸಳು ಹಾಕಿ ಬಾಡಿಸಿ, ಆರಿಸಿ, ನಾಲ್ಕು ಚಮಚ ಕಾಯಿತುರಿಯೊಂದಿಗೆ ನುಣ್ಣಗೆ ರುಬ್ಬಿ, ಹುಳಿಯಾಗದ ಮಜ್ಜಿಗೆಗೆ ಬೆರೆಸಿ, ಉಪ್ಪು ಹಾಕಿ ಸಾಸಿವೆ, ಒಣಮೆಣಸಿನ ಒಗ್ಗರಣೆ ಕೊಟ್ಟರಾಯಿತು. ರುಬ್ಬಿದ್ದು ಬಿಸಿಯಿರುವಾಗ ಬೆರೆಸಿದರೆ ಮಜ್ಜಿಗೆ ಒಡೆಯುತ್ತದೆ. ತಂಬುಳಿಯನ್ನು ಮತ್ತೆ ಕುದಿಸುವಂತಿಲ್ಲ.

ಶರಬತ್ತಿಗೆ ಒಂದು ಲೀಟರ್ ನೀರು ಕುದಿಸಿ, ಒಲೆ ಆರಿಸಿದ ನಂತರ ಹದಿನೈದು ಹೂಗಳ ಎಸಳು ಹಾಕಿ ಹತ್ತು ನಿಮಿಷ ಮುಚ್ಚಿಟ್ಟು ಸೋಸಬೇಕು. ನೀರು ನೇರಳೆ ಅಥವಾ ಮಂಕು ನೀಲಿಗೆ ತಿರುಗಿದರೆ ಕೆಟ್ಟಿತೆಂದು ಚೆಲ್ಲಬೇಡಿ. ಎಸಳಿನ ಬಣ್ಣ ಹುಳಿಯಲ್ಲಿ ಕೆಂಪಾಗಿಯೂ ಕ್ಷಾರದಲ್ಲಿ ಹಸಿರಿನ ಕಡೆಗೂ ತಿರುಗುವಂಥದ್ದು, ಗಡಸು ನೀರಿನಲ್ಲಿ ಅದು ಇನ್ನಷ್ಟು ಮಂಕಾಗುತ್ತದೆ. ತಣ್ಣಗಾದ ಮೇಲೆ ನಿಂಬೆರಸ ಹಿಂಡಿದರೆ ಹೊಳೆಯುವ ಕೆಂಪು ಬರುತ್ತದೆ. ಎಸಳನ್ನು ನೀರಿನೊಂದಿಗೆ ಬಹಳ ಹೊತ್ತು ಕುದಿಸಿದ್ದರೆ ಮಾತ್ರ ನಿಂಬೆಯಿಂದಲೂ ಆ ಬಣ್ಣ ಮರಳುವುದಿಲ್ಲ.

ಗರ್ಭಿಣಿಯರು ಮತ್ತು ಗರ್ಭಧಾರಣೆಗೆ ಪ್ರಯತ್ನಿಸುತ್ತಿರುವವರು ದಾಸವಾಳದ ಹೂವನ್ನು ಸೇವಿಸದಿರುವುದು ಕ್ಷೇಮ. ಪ್ರಾಣಿಗಳ ಮೇಲಿನ ಪ್ರಯೋಗಗಳಲ್ಲಿ ಅದರ ಸಾರ ಗರ್ಭಕ್ಕೆ ಅಡ್ಡಿಯಾದದ್ದು ಕಂಡುಬಂದಿದೆ. ರಕ್ತದೊತ್ತಡಕ್ಕೆ ಅಥವಾ ಸಕ್ಕರೆ ಕಾಯಿಲೆಗೆ ಮಾತ್ರೆ ತೆಗೆದುಕೊಳ್ಳುವವರು ಇದನ್ನು ದಿನನಿತ್ಯದ ಪಾನೀಯವಾಗಿ ರೂಢಿಸಿಕೊಳ್ಳುವ ಮೊದಲು ತಮ್ಮ ವೈದ್ಯರನ್ನು ಕೇಳಬೇಕು. ಮೊದಲ ಸಲ ತಿನ್ನುವ ಯಾರೇ ಆದರೂ ಒಂದೆರಡು ಹೂವಿನಷ್ಟರಿಂದಲೇ ಆರಂಭಿಸಿ, ತುರಿಕೆ ಅಥವಾ ಹೊಟ್ಟೆಯ ತೊಂದರೆ ಕಾಣದಿದ್ದರೆ ಮಾತ್ರ ಮುಂದಿನ ಸಲ ಪ್ರಮಾಣ ಹೆಚ್ಚಿಸಬೇಕು.